ಖಾಲಿ ಇದ್ದವನ ಸಿ.ವಿ.

ಕಳೆದ ಮಳೆಗಾಲದ ಒಂದು ಬೆಳಿಗ್ಗೆ ನಾನು ಅರ್ಜಿ ಹಾಕದೆ, ಇಂಟರ್‌ವ್ಯೂ ಕೊಡದೆ, ಅಕ್ಕಿ ಆರಿಸುತ್ತ ಕೂತಲ್ಲೇ ಒಂದು ಕಂಪನಿಯ ಎಚ್.ಆರ್. ಮ್ಯಾನೇಜರ್ ಆಗಿಬಿಟ್ಟೆ.

ನಿವೃತ್ತಿಯಾಗಿ ಎಷ್ಟೋ ವರ್ಷಗಳ ಮೇಲೆ ಸಿಕ್ಕ ಬಡ್ತಿ. ಆ ಕಂಪನಿಯ ಹೆಸರನ್ನು ಮಾತ್ರ ನಾನು ಅದುವರೆಗೆ ಕೇಳಿಯೇ ಇರಲಿಲ್ಲ.

ಫೋನ್ ಬಂದದ್ದು ಹತ್ತು ಗಂಟೆಯ ನಂತರ. (ಅದಕ್ಕೂ ಮೊದಲು ನಾನು ಫೋನ್ ಎತ್ತುವುದಿಲ್ಲ ಎಂಬುದು ಈ ಅಂಕಣ ಓದುವ ನಿಮಗೆ ಗೊತ್ತೇ ಇದೆ.) ಎಳೆಯ ದನಿ, ಅವಸರದ ಇಂಗ್ಲಿಷ್. ತಾನು ಬ್ಯಾಕ್‌ಗ್ರೌಂಡ್ ವೆರಿಫಿಕೇಶನ್ ಮಾಡುವವಳು ಎಂದಳು. ಅಂದರೆ, ಕೆಲಸ ಕೇಳಿ ಬಂದವರು ಹಿಂದೆ ಎಲ್ಲೆಲ್ಲಿ ದುಡಿದಿದ್ದೇವೆಂದು ಬರೆದುಕೊಡುತ್ತಾರಲ್ಲ, ಅದು ನಿಜವೋ ಸುಳ್ಳೋ ಎಂದು ವಿಚಾರಿಸುವ ಕೆಲಸ.

"ಮ್ಯಾಡಮ್, ಶಿವಾನಂದ ಅನ್ನುವವರು ನಿಮ್ಮಲ್ಲಿ ಸೇಫ್ಟಿ ಸೂಪರ್‌ವೈಸರ್ ಆಗಿದ್ದರಲ್ಲ, ಅವರ ನಡತೆ ಹೇಗಿತ್ತು?"

"ನಮ್ಮಲ್ಲಿ ಅಂದರೆ?"

"ನಿಮ್ಮ ಕಂಪನಿಯಲ್ಲಿ. ನೀವು ಎಚ್.ಆರ್. ಮ್ಯಾನೇಜರ್ ಅಲ್ವಾ ಮ್ಯಾಡಮ್?"

ಶಿವಾನಂದ ಯಾರೆಂದು ನನಗೆ ಚೆನ್ನಾಗಿ ಗೊತ್ತು. ಮಲಾಡಿನ ನಮ್ಮ ಬಿಲ್ಡಿಂಗಿನಲ್ಲಿ ನಮ್ಮದೇ ಮಾಳಿಗೆಯ ಎದುರು ಬಾಗಿಲು ಅವನದು. ವಿಜಯಪುರದ ಕಡೆಯವನು. (ಹೆಸರು ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.) ಅವನ ನಡತೆಯ ಬಗ್ಗೆ ಅರ್ಧ ಗಂಟೆ ಒಳ್ಳೆಯ ಮಾತು ಹೇಳಬಲ್ಲೆ. ಆದರೆ ನನ್ನ ಕಂಪನಿ?

ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ. "ನಾಳೆ ಇದೇ ಹೊತ್ತಿಗೆ ಮಾಡಿ" ಎಂದು ಫೋನ್ ಇಟ್ಟೆ. ಅಕ್ಕಿಯಲ್ಲಿ ಆಮೇಲೆ ಒಂದು ಕಲ್ಲೂ ಕಣ್ಣಿಗೆ ಬೀಳಲಿಲ್ಲ. ಮಧ್ಯಾಹ್ನ ಊಟದಲ್ಲಿ ಸಿಕ್ಕವು.

ನಾನು ಕಾರ್ಖಾನೆಯೊಂದರ ಟೈಮ್ ಆಫೀಸಿನಲ್ಲಿ ಬದುಕು ಕಳೆದವಳು. ಯಾರು ಯಾವಾಗ ಬಂದರು, ಯಾರು ಬರಲಿಲ್ಲ, ಬರದವರ ರಜೆ ಮಂಜೂರಾಗಿದೆಯೋ ಇಲ್ಲವೋ. ಇದೇ ನನ್ನ ಕೆಲಸ. ಸೈರನ್ ಆದ ಮೇಲೆ ಗೇಟು ದಾಟಿದವರು ಯಾರೇ ಆಗಲಿ, ಲೇಟು. ಇಂಥ ಶಿಸ್ತಿನಲ್ಲಿ ಬೆಳೆದವಳನ್ನು ನೆರೆಮನೆಯವನು ಸುಳ್ಳಿಗೆ ಸಾಕ್ಷಿ ಮಾಡಿದ್ದ, ಅದೂ ಕೇಳದೆ. ಸಿಟ್ಟು ಬಂದಿತ್ತು. ಸಂಜೆ ಅವನು ಮೆಟ್ಟಿಲು ಹತ್ತುವ ಸದ್ದು ಕೇಳಿದ್ದೇ ಬಾಗಿಲು ತೆರೆದೆ.

"ಶಿವಾನಂದ, ಒಳಗೆ ಬಾ. ನಿನ್ನ ಎಚ್.ಆರ್. ಮ್ಯಾನೇಜರ್ ಮಾತಾಡಬೇಕಂತೆ."

ಅವನು ಚಪ್ಪಲಿ ಬಿಟ್ಟು ಒಳಗೆ ಬಂದ. ಹಿಂದೆಯೇ ಅವನ ಹೆಂಡತಿ ಸುವರ್ಣಾ ಬಂದಳು, ಕೈಯಲ್ಲಿ ತರಕಾರಿ ಚೀಲ.

"ಫೋನ್ ಬಂತೇನ್ರಿ ಅಕ್ಕಾರ?" ಎಂದ. ಆಮೇಲೆ ಹೆಂಡತಿಯ ಕಡೆ ತಿರುಗಿದ. "ನೀ ಹೇಳೀನಿ ಅಂದಿದ್ದಿ?"

"ಹೇಳಾಕ ಬಂದಿದ್ನಿ" ಎಂದಳು ಸುವರ್ಣಾ. "ಅಕ್ಕಾರ ಮಾರಿ ನೋಡಿ ಧೈರ್ಯಾ ಆಗಲಿಲ್ಲ. ನಾಲ್ಕ ಹಸಿಮೆಣಸಿನಕಾಯಿ ಇಸ್ಕೊಂಡು ಹೊಳ್ಳಿ ಬಂದ್ನಿ."

ಹೌದು, ಮೆಣಸಿನಕಾಯಿ ಕೊಟ್ಟದ್ದು ನೆನಪಿದೆ. ಮೆಣಸಿನಕಾಯಿ ಮುಗಿದ ದಿನವೇ ಇಲ್ಲದ ಮನೆಯವಳು ಯಾಕೆ ಕೇಳುತ್ತಾಳೆ ಎಂದುಕೊಂಡಿದ್ದೆ.

"ಇಡೀ ಮುಂಬೈಯಲ್ಲಿ ನನ್ನ ನಂಬರೇ ಬೇಕಿತ್ತಾ ನಿನಗೆ?"

"ನಿಮ್ಮ ಇಂಗ್ಲಿಷ್ ಚಲೋ ಐತ್ರಿ. ಮತ್ತ, ನೀವು ಹೇಳಿದ್ರ ಯಾರಿಗೂ ಸುಳ್ಳ ಅನ್ಸೂದಿಲ್ಲ."

ಇದು ಹೊಗಳಿಕೆಯೋ ಬೈಗುಳವೋ ನೀವೇ ಹೇಳಿ.

ಶಿವಾನಂದನ ಕೆಲಸ ಏನೆಂದು ಮೊದಲು ಹೇಳಿಬಿಡುತ್ತೇನೆ. ಕಟ್ಟಡ ಏಳುವ ಜಾಗದಲ್ಲಿ ಅವನು ಸೇಫ್ಟಿ ನೋಡುತ್ತಾನೆ. ಎತ್ತರಕ್ಕೆ ಹತ್ತುವವನ ಬೆಲ್ಟ್ ಸರಿಯಾಗಿದೆಯೇ, ಹಲಗೆ ಗಟ್ಟಿಯಿದೆಯೇ, ಕೆಳಗೆ ಬಲೆ ಕಟ್ಟಿದ್ದಾರೆಯೇ. ಇವನು ಪರ್ಮಿಟ್ಟಿಗೆ ಸಹಿ ಹಾಕುವ ತನಕ ಒಬ್ಬನೂ ಮೇಲೆ ಹೋಗುವಂತಿಲ್ಲ. ಒಳ್ಳೆಯ ಕೆಲಸ. ಆದರೆ ಕಾಂಟ್ರ್ಯಾಕ್ಟ್. ಒಂದು ಟವರ್ ಮುಗಿಯಿತು ಎಂದರೆ ಇವನ ನೌಕರಿಯೂ ಮುಗಿಯಿತು. ಮುಂದಿನದು ಸಿಗುವ ತನಕ ಮನೆಯಲ್ಲಿ. ಒಮ್ಮೆ ಕೆಲವು ವಾರ, ಒಮ್ಮೆ ಒಂದೆರಡು ತಿಂಗಳು. ಹೀಗಾಗಿ ಇವನ ಸಿ.ವಿ. ಎಂದರೆ ಹಲ್ಲು ಬಿದ್ದವನ ನಗು, ನಡುನಡುವೆ ಸಂದು.

ಸಣ್ಣ ಸಂದುಗಳನ್ನು ಈ ಲೈನಿನಲ್ಲಿ ಯಾರೂ ಕೇಳುವುದಿಲ್ಲವಂತೆ. ಎಲ್ಲರದೂ ಹಾಗೇ. ತೊಂದರೆ ಆದದ್ದು ಒಂದು ದೊಡ್ಡ ಗ್ಯಾಪಿನಿಂದ. ಒಂದು ವರ್ಷಕ್ಕಿಂತ ಜಾಸ್ತಿ ಅವನು ಎಲ್ಲೂ ಕೆಲಸ ಮಾಡಿರಲಿಲ್ಲ. ಅಂಧೇರಿಯ ಪ್ಲೇಸ್‌ಮೆಂಟ್ ಏಜೆಂಟ್ ಅದನ್ನು ನೋಡಿ ಹೇಳಿದನಂತೆ, "ಇಷ್ಟು ದೊಡ್ಡ ಗ್ಯಾಪ್ ಇಟ್ಟು ಕಳಿಸಿದರೆ ಕಂಪನಿ ನೋಡುವುದೂ ಇಲ್ಲ. ತುಂಬಿ ತಾ."

ತುಂಬಿ ತಾ. ಗೋಡೆಯ ಬಿರುಕಿಗೆ ಸಿಮೆಂಟ್ ಮೆತ್ತಿದ ಹಾಗೆ.

ತುಂಬುವವರೂ ಇದ್ದಾರೆ ಈ ಊರಿನಲ್ಲಿ. ಶಿವಾನಂದನ ದೂರದ ನೆಂಟನ ಸ್ನೇಹಿತನೊಬ್ಬ ಬಿಲ್ಡಿಂಗುಗಳಿಗೆ ಹೌಸ್‌ಕೀಪಿಂಗ್ ಜನ ಒದಗಿಸುವ ದಂಧೆ ಮಾಡುತ್ತಾನೆ. ಲೆಟರ್‌ಹೆಡ್ ಇದೆ, ರಬ್ಬರ್ ಸ್ಟಾಂಪ್ ಇದೆ. ‘ಇವರು ನಮ್ಮಲ್ಲಿ ಸೇಫ್ಟಿ ಸೂಪರ್‌ವೈಸರ್ ಆಗಿದ್ದರು’ ಎಂದು ಎಕ್ಸ್‌ಪೀರಿಯನ್ಸ್ ಲೆಟರ್ ಕೊಟ್ಟ. ವಿಚಾರಣೆಗೆ ಬೇರೆ ಯಾರದ್ದಾದರೂ ನಂಬರ್ ಕೊಡು, ಸ್ವಲ್ಪ ವಯಸ್ಸಾದವರು, ಗತ್ತಿನಿಂದ ಮಾತಾಡುವವರು ಇರಲಿ ಎಂದ. ಎದುರು ಬಾಗಿಲಲ್ಲೇ ನಾನಿದ್ದೆ.

"ಎಲ್ಲಾರೂ ಮಾಡ್ತಾರ್ರಿ ಅಕ್ಕಾರ" ಎಂದ ಶಿವಾನಂದ. "ಇದಕ್ಕ ಯಾರೂ ಸುಳ್ಳ ಅನ್ನೂದಿಲ್ಲ. ಗ್ಯಾಪ್ ತುಂಬೂದು ಅಂತಾರ."

"ನೀನು ಆ ವರ್ಷ ಮಾಡಿದ್ದನ್ನೇ ಬರೆದರೆ ಏನಾಗುತ್ತಿತ್ತು?"

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು.

ಆ ವರ್ಷ ಅವನು ಏನು ಮಾಡುತ್ತಿದ್ದ ಎಂದು ನಮ್ಮ ಮಾಳಿಗೆಯಲ್ಲಿ ಎಲ್ಲರಿಗೂ ಅರ್ಧಂಬರ್ಧ ಗೊತ್ತು. ಊರಿನಿಂದ ಅವನ ಅತ್ತಿಗೆ ಬಂದಿದ್ದರು. ಅಣ್ಣನ ಹೆಂಡತಿ; ಆ ಕಡೆಯವರು ವೈನಿ ಎನ್ನುತ್ತಾರೆ. ಪರೇಲಿನ ಆಸ್ಪತ್ರೆಗೆ ಹೋಗಿ ಬರುತ್ತಿದ್ದರು. ಪರೇಲ್ ಎಂದ ಮೇಲೆ ಮುಂಬೈಯವರಿಗೆ ರೋಗದ ಹೆಸರು ಹೇಳಬೇಕಾಗಿಲ್ಲ. ಊರಿನಲ್ಲಿ ಯಾರಿಗೆ ಆ ಕಾಯಿಲೆ ಬಂದರೂ ಮೊದಲು ಏಳುವ ಪ್ರಶ್ನೆ, ‘ಮುಂಬೈದಾಗ ನಮ್ಮವರು ಯಾರ ಅದಾರ?’ ನಿಮ್ಮಲ್ಲಿ ಅನೇಕರು ಮನೆಯ ಹಾಲ್‌ನಲ್ಲಿ ಅಂಥವರಿಗೆ ಹಾಸಿಗೆ ಹಾಸಿದ್ದೀರಿ. ನನಗೆ ಗೊತ್ತು.

ಆದರೆ ಅದರ ಪೂರ್ತಿ ಕಥೆ ನನಗೆ ಗೊತ್ತಾದದ್ದು ಆ ಸಂಜೆ.

ಶಿವಾನಂದನ ಅಣ್ಣ ಊರಿನ ಕಾಲೇಜೊಂದರಲ್ಲಿ ಕ್ಲರ್ಕ್. ಪರ್ಮನೆಂಟ್ ನೌಕರಿ. ಕಾಯಿಲೆ ಗೊತ್ತಾದಾಗ ತಮ್ಮನ ಒಂದು ಟವರ್ ಆಗಷ್ಟೇ ಮುಗಿದಿತ್ತು. ಅಣ್ಣ ಫೋನ್ ಮಾಡಿ ಹೇಳಿದರಂತೆ, "ರೊಕ್ಕಾ ನಾ ನೋಡ್ಕೋತೀನಿ. ಓಡ್ಯಾಟ ನೀ ನೋಡ್ಕೊ. ಹೆಂಗೂ ಖಾಲೀನ ಅದಿಯಲ್ಲ."

ಅಣ್ಣ ಮಾತಿಗೆ ತಪ್ಪಲಿಲ್ಲ. ಖರ್ಚು ಪೂರಾ ಅವರೇ ಕೊಟ್ಟರು. ತಮ್ಮನೂ ಮಾತಿಗೆ ತಪ್ಪಲಿಲ್ಲ. ಸುವರ್ಣಾ ಇಲ್ಲಿನ ಒಂದು ಪ್ಯಾಕಿಂಗ್ ಯೂನಿಟ್‌ಗೆ ಹೋಗುತ್ತಾಳೆ. ಆ ಸಂಬಳದಲ್ಲಿ ಮನೆ ನಡೆಯಿತು. ಇವನು ವೈನಿಯನ್ನು ಕರೆದುಕೊಂಡು ಮಲಾಡಿನಿಂದ ಸ್ಲೋ ಲೋಕಲ್ ಹಿಡಿಯುತ್ತಿದ್ದ. ಕ್ಯಾನ್ಸರ್ ರೋಗಿಗಳಿಗೆಂದು ಬೇರೆ ಡಬ್ಬಿ ಇದೆಯಲ್ಲ, ಅದು ಪ್ಲಾಟ್‌ಫಾರ್ಮಿನಲ್ಲಿ ಎಲ್ಲಿ ನಿಲ್ಲುತ್ತದೆ ಎಂದು ನೋಡಿಟ್ಟುಕೊಂಡಿದ್ದ. ಪ್ರಭಾದೇವಿಯಲ್ಲಿ ಇಳಿದು, ಸೇತುವೆ ದಾಟಿ, ಕ್ಯೂ. ವೈನಿಗೆ ಕನ್ನಡ ಬಿಟ್ಟು ಬೇರೆ ಬಾರದು. ಡಾಕ್ಟರಿಗೆ ಕನ್ನಡ ಬಾರದು. ನಡುವೆ ಇವನು.

ರೋಗ ಎದೆಯದು. ಹಳ್ಳಿಯ ಮನೆಯಲ್ಲಿ ಮೈದುನನ ಎದುರು ಕುರ್ಚಿಯಲ್ಲಿ ಕೂರದ ಹೆಂಗಸು. ಇದನ್ನು ಅವನು ಹೇಳಿದ ಹಾಗೇ ಬರೆಯುತ್ತೇನೆ.

"ಡಾಕ್ಟರ್ ಕೇಳಿದ್ದು ನಾ ನೆಲಾ ನೋಡ್ಕೋತ ಹೇಳ್ತಿದ್ನಿರಿ. ವೈನಿ ಗ್ವಾಡಿ ನೋಡ್ಕೋತ ಉತ್ತರಾ ಕೊಡ್ತಿದ್ರು. ನಾವಿಬ್ರೂ ಒಬ್ಬರ ಮಾರಿ ಒಬ್ರು ನೋಡಿಲ್ಲ. ಹಂಗ ಅಷ್ಟೂ ದಿನಾ ನಡೀತು."

ಸಂಜೆಯ ಚಹಾಕ್ಕೆ ಹೊತ್ತು ಮೀರಿತ್ತು. ಇಡಲಿಲ್ಲ.

ವೈನಿ ಗುಣವಾಗಿ ಊರಿಗೆ ಹೋದರು. ಇವನು ಕೆಲಸ ಹುಡುಕಲು ಹೊರಟ. ಸಿ.ವಿ.ಯಲ್ಲಿ ಆ ವರ್ಷದ ಮುಂದೆ ಏನು ಬರೆಯಬೇಕು? ಅಣ್ಣ ಅವನಿಂದ ಮಾತು ತೆಗೆದುಕೊಂಡಿದ್ದರು. ಮನೆಯಲ್ಲಿ ಮದುವೆಗೆ ಬಂದ ಮಗಳಿದ್ದಾಳೆ. ತಾಯಿಗೆ ಈ ರೋಗ ಇತ್ತು ಎಂದು ಸುದ್ದಿಯಾದರೆ ಸಂಬಂಧ ಬರುವುದಿಲ್ಲ. ಆದ್ದರಿಂದ ಯಾರಿಗೂ, ಎಲ್ಲೂ, ಒಂದಕ್ಷರ ಹೇಳಕೂಡದು. ಊರಿನವರಿಗೆ ವೈನಿ ಮೊಣಕಾಲು ಆಪರೇಶನ್ನಿಗೆ ಹೋಗಿದ್ದರು ಎಂದೇ ಹೇಳಿದ್ದಾರೆ.

"ಮುಂಬೈಯ ಬಿಲ್ಡರ್ ಕಂಪನಿಯವರು ನಿಮ್ಮ ಊರಿಗೆ ಸಂಬಂಧ ನೋಡಲು ಬರುತ್ತಾರಾ ಮಾರಾಯ?"

"ಏಜೆಂಟನ ಆಫೀಸಿನ್ಯಾಗ ನಮ್ಮ ಕಡೆ ಹುಡುಗೋರ ಅದಾರ್ರಿ. ಮಾತ ಹ್ಯಾಂಗ ಹೋಗ್ತೈತಿ ಯಾರಿಗ ಗೊತ್ತು? ಅಣ್ಣಗ ಮಾತ ಕೊಟ್ಟೀನಿ."

ಇಂಥ ತಪ್ಪನ್ನು ನಮ್ಮವರಷ್ಟೇ ಮಾಡಬಲ್ಲರು. ಕಳ್ಳತನ ಮಾಡಿ ಮುಚ್ಚಿಡುವವರನ್ನು ನೋಡಿದ್ದೇನೆ. ಉಪಕಾರ ಮಾಡಿ ಮುಚ್ಚಿಡುವುದು, ಮುಚ್ಚಲು ಖೋಟಾ ಕಾಗದ ಮಾಡಿಸುವುದು!

ಆದರೂ ನಾನು ಸುಳ್ಳು ಹೇಳಲಾರೆ ಎಂದೆ. ಸುವರ್ಣಾಳ ದನಿ ಗಡಸಾಯಿತು.

"ಒಂದ ಮಾತು ಅಕ್ಕಾರ. ಹೂಂ ಅಂದ್ರ ಮುಗೀತು. ಬರೂ ಸೋಮಾರ ಇವ್ರು ಡ್ಯೂಟಿಗೆ ಹಾಜರ. ನಿಮಗೇನ್ ಹೋಗ್ತೈತಿ?"

"ಸುವರ್ಣಾ" ಎಂದ ಗಂಡ.

"ಇರ್ರಿ. ನಿಮಗ ಪೆನ್ಶನ್ ಬರ್ತೈತ್ರಿ ಅಕ್ಕಾರ. ಮಗಾ ರೊಕ್ಕಾ ಕಳಸ್ತಾನ. ಖರೇ ಮಾತ ನಿಮಗ ಫ್ರೀ ಐತಿ. ನಮಗ ಇಲ್ಲ."

ಸತ್ಯಕ್ಕೆ ತಗಲುವ ಖರ್ಚು ಎಲ್ಲರಿಗೂ ಒಂದೇ ಅಲ್ಲ ಎಂಬುದು ನಿಜ. ಆದರೂ ನಾನು ಶಿವಾನಂದನನ್ನು ಒಂದು ಮಾತು ಕೇಳಿದೆ.

"ನಾಳೆ ನೀನು ಸೈಟಿಗೆ ಹೋಗುತ್ತೀಯ. ಹಲಗೆ ಸರಿಯಿದೆ ಎಂದು ಸಹಿ ಹಾಕುತ್ತೀಯ. ಆ ಕಾಗದ ನಂಬಿ ಒಬ್ಬ ಮೇಲೆ ಹತ್ತುತ್ತಾನೆ. ನೀನು ಆ ನೌಕರಿಗೆ ಬಂದದ್ದೇ ಇಂಥ ಕಾಗದ ಕೊಟ್ಟು ಎಂದು ಯಾರಿಗಾದರೂ ಗೊತ್ತಾದರೆ, ನಿನ್ನ ಯಾವ ಸಹಿಯನ್ನು ನಂಬಬೇಕು ಅವರು?"

ಸುವರ್ಣಾ ಚೀಲದಿಂದ ಹೊರಗಿಣುಕಿದ ಮೆಂತ್ಯ ಸೊಪ್ಪನ್ನು ಒಳಗೆ ತುರುಕುತ್ತಿದ್ದಳು. ಆಮೇಲೆ ಅವನು ಕಿಸೆಯಿಂದ ಫೋನ್ ತೆಗೆದು, ಅಲ್ಲೇ ನನ್ನ ಎದುರೇ, ಅಣ್ಣನಿಗೆ ಹಚ್ಚಿದ. ಸ್ಪೀಕರ್ ಮೇಲೆ ಇಟ್ಟ.

ಖರೇ ಹೇಳಿಬಿಡುತ್ತೇನೆ, ಒಪ್ಪಿಗೆ ಕೊಡು ಎಂದ.

"ತಲಿ ಸುದ್ದ ಐತೇನು?" ಅಣ್ಣನ ದನಿ. "ಬರೂ ತಿಂಗಳ ಹುಡುಗಿ ನೋಡಾಕ ಬರಾವ್ರದಾರ. ಒಂದ ಲೆಟರ್ ಸಲುವಾಗಿ ಮನಿ ಮಾನಾ ಹರಾಜ ಹಾಕ್ತಿಯೇನು? ಇನ್ನೊಂದ ಕಾಂಟ್ರ್ಯಾಕ್ಟ್ ಸಿಗ್ತೈತಿ ತಗೊ."

ಆಮೇಲೆ ಆ ಕಡೆ ಏನೋ ಎಳೆದಾಟ. ಹೆಂಗಸಿನ ದನಿ.

"ಫೋನ್ ಕೊಡ್ರಿ ಇಲ್ಲೆ. ಶಿವೂ, ನಾನಪಾ. ನನ್ನ ಹೆಸರ ಹೇಳು. ಜಡ್ಡಿನ ಹೆಸರೂ ಹೇಳು."

"ವೈನಿ, ಅಣ್ಣಾ..."

"ನಿಮ್ಮಣ್ಣಗ ನಾ ಹೇಳ್ತೀನಿ. ಹುಡುಗಿ ನೋಡಾಕ ಬರಾವ್ರಿಗೂ ನಾನ ಹೇಳ್ತೀನಿ. ಬ್ಯಾಡಂದ್ರ ಬಿಡ್ಲಿ, ಅಂಥಾ ಮನಿಗೆ ನನ್ನ ಮಗಳನ್ನ ನಾನೂ ಕೊಡೂದಿಲ್ಲ. ನನ್ನ ಜಡ್ಡ ಮುಚ್ಚಾಕ ನೀ ಉಪಾಸ ಬೀಳಬ್ಯಾಡ. ನಾ ಏನ ಕಳವು ಮಾಡೀನೇನು?"

ಫೋನ್ ಕಟ್ಟಾಯಿತು. ವೈನಿ ಅವನ ಹೆಸರು ಹಿಡಿದು ಅಷ್ಟು ಸಲಿಗೆಯಿಂದ ಮಾತಾಡಿದ್ದು ಅದೇ ಮೊದಲಂತೆ.

ಮರುದಿನ ಬೆಳಿಗ್ಗೆ ಅವನೇ ಆ ಹುಡುಗಿಗೆ ಫೋನ್ ಮಾಡಿ ಎಲ್ಲ ಹೇಳಿದ. ಲೆಟರ್ ವಾಪಸ್ ತೆಗೆದುಕೊಳ್ಳುತ್ತೇನೆ ಎಂದ. ಹೇಳಿದ ಹೊತ್ತಿಗೆ ಸರಿಯಾಗಿ ಅವಳು ನನಗೂ ಮಾಡಿದಳು. (ಇಂಥವರನ್ನು ಕಂಡರೆ ನನಗೆ ಗೌರವ.)

"ನಾನು ಯಾವ ಮ್ಯಾನೇಜರೂ ಅಲ್ಲ, ನೆರೆಮನೆಯವಳು" ಎಂದೆ. "ಅವನು ಹೇಳಿದ್ದು ನಿಜ. ಆ ವರ್ಷ ಪೂರ್ತಿ ಅವನು ಪರೇಲಿಗೆ ಹೋಗಿ ಬರುವುದನ್ನು ಕಣ್ಣಾರೆ ಕಂಡಿದ್ದೇನೆ. ಈಗ ಏನಾಗುತ್ತದೆ?"

"ಫೈಲ್ ಕ್ಲೋಸ್ ಆಗುತ್ತದೆ ಮ್ಯಾಡಮ್. ಫೇಕ್ ಡಾಕ್ಯುಮೆಂಟ್ ಬಂದರೆ ನಮಗೆ ಬೇರೆ ದಾರಿ ಇಲ್ಲ." ಆಮೇಲೆ ಅವಳೇ ಹೇಳಿದಳು. "ಮೊದಲೇ ಬರೆದಿದ್ದರೆ ತೊಂದರೆಯೇ ಇರಲಿಲ್ಲ. ನಮ್ಮ ಫಾರ್ಮ್‌ನಲ್ಲಿ ಅದಕ್ಕೆ ಕಾಲಮ್ ಇದೆ. ‘ಗ್ಯಾಪ್: ಕುಟುಂಬದಲ್ಲಿ ಅನಾರೋಗ್ಯ’. ಟಿಕ್ ಮಾಡಿ ಮುಂದೆ ಹೋಗುತ್ತಿದ್ದೆವು."

ಕಾಲಮ್ ಇತ್ತು! ಯಾವುದನ್ನು ಹೇಳಿದರೆ ಪ್ರಪಂಚ ಮುಳುಗುತ್ತದೆ ಎಂದು ಇವರು ಹೆದರಿದ್ದರೋ ಅದಕ್ಕೆ ಆ ಕಚೇರಿಯಲ್ಲಿ ಒಂದು ಚೌಕ ಮಾಡಿ ಇಟ್ಟಿದ್ದರು.

ನೌಕರಿ ಹೋಯಿತು. ಸೋಮವಾರ ಬಂತು, ಶಿವಾನಂದ ಮನೆಯಲ್ಲೇ ಇದ್ದ. ಅದರ ಮುಂದಿನ ಸೋಮವಾರವೂ. ಎದುರು ಬಾಗಿಲು ತೆರೆದರೆ ನನಗೆ ಅವನು ಕಾಣುತ್ತಿದ್ದ. ಸುವರ್ಣಾ ನನ್ನೊಡನೆ ಮಾತು ಬಿಟ್ಟಳು. ಜಗಳವಿಲ್ಲ, ಮುಖ ತಿರುಗಿಸುವುದಿಲ್ಲ. ಲಿಫ್ಟಿನಲ್ಲಿ ಸಿಕ್ಕರೆ ಬಾಗಿಲು ಹಿಡಿಯುತ್ತಾಳೆ, ಅಷ್ಟೇ. ಪ್ರತಿ ವರ್ಷ ಗಣಪತಿಗೆ ಅವರ ಮನೆಯ ಕಡುಬು ನಮ್ಮ ಮನೆಗೆ ಬರುತ್ತಿತ್ತು. ಈ ಸಲ ಬರಲಿಲ್ಲ. ಕೇಳುವ ಮುಖ ನನಗೂ ಇರಲಿಲ್ಲ.

ಆ ದಿನಗಳಲ್ಲಿ ಈ ಗ್ಯಾಪ್ ಎಂಬುದರ ಬಗ್ಗೆ ಬಹಳ ಯೋಚಿಸಿದೆ.

ನಮ್ಮ ಕಾರ್ಖಾನೆಯಲ್ಲೂ ಕಾಂಟ್ರ್ಯಾಕ್ಟಿನವರಿದ್ದರು. ಅವರು ಹೆಚ್ಚು ಕಾಲ ಸತತವಾಗಿ ದುಡಿದರೆ ಪರ್ಮನೆಂಟ್ ಮಾಡಿ ಎಂದು ಕೇಳುತ್ತಾರೆ. ಅದಕ್ಕೇ ನಡುವೆ ಒಂದು ‘ಬ್ರೇಕ್’ ಕೊಡುವುದು. ಕೆಲಸ ಇರುತ್ತಿತ್ತು, ಮನುಷ್ಯನೂ ಇರುತ್ತಿದ್ದ, ಆದರೂ ಕೆಲವು ದಿನ ಮನೆಗೆ ಹೋಗು ಎನ್ನುತ್ತಿದ್ದರು. ಈಗ ಅದೇ ಕಂಪನಿಗಳ ಜಾತಿಯವರು ಮೇಜಿನ ಆಚೆ ಕೂತು ಕೇಳುತ್ತಾರೆ, ‘ನಿನ್ನ ಸರ್ವಿಸ್‌ನಲ್ಲಿ ಇಷ್ಟೊಂದು ಬ್ರೇಕ್ ಯಾಕಪ್ಪ?’ ಏನು ಹೇಳಬೇಕು ಅವನು? ನೀವೇ ಕೊಟ್ಟದ್ದು ಸ್ವಾಮಿ ಎನ್ನಬೇಕೇ?

ಹೆಂಗಸಿನ ಸಿ.ವಿ.ಯಲ್ಲಿ ಒಂದು ವರ್ಷ ಬಿಟ್ಟುಹೋಗಿದ್ದರೆ, ಮಗು ಆಗಿರಬೇಕು ಎಂದು ಜನ ತಾವೇ ಕಾರಣ ಹಾಕಿಕೊಳ್ಳುತ್ತಾರೆ. (ಕೆಲಸ ಕೊಡುತ್ತಾರೆ ಎಂದಲ್ಲ. ಕಾರಣ ಮಾತ್ರ ಕೊಡುತ್ತಾರೆ.) ಗಂಡಸಿನದಾದರೆ? ಕುಡಿತವೋ, ಕೇಸೋ, ಸೋಮಾರಿತನವೋ. ರೋಗಿಯ ಹತ್ತಿರ ಕೂತಿದ್ದ ಎಂದು ಒಬ್ಬರ ತಲೆಗೂ ಹೊಳೆಯುವುದಿಲ್ಲ. ಅವನಿಗೂ ಅದನ್ನು ಹೇಳಲು ನಾಚಿಕೆ.

ಇನ್ನೊಂದು ಮಾತು. ಅಣ್ಣ ಕೆಟ್ಟವರಲ್ಲ. ಸಾಲು ಸಾಲು ಬಿಲ್ಲು ಕಟ್ಟಿದ್ದಾರೆ. ಆದರೆ ಅವರ ಸರ್ವಿಸ್ ಪುಸ್ತಕ ತೆರೆದು ನೋಡಿ, ಒಂದು ದಿನವೂ ಬಿಟ್ಟುಹೋಗಿರಲಿಕ್ಕಿಲ್ಲ. ಅಖಂಡ ಸೇವೆ. ಹೆಂಡತಿಗೆ ಅಂಥ ಕಾಯಿಲೆ ಬಂದಾಗಲೂ ಸೇವೆ ಅಖಂಡವಾಗಿ ಉಳಿದದ್ದು ಹೇಗೆ? ಅವರದರಲ್ಲಿ ಬಿಟ್ಟುಹೋಗಬೇಕಾದ ವರ್ಷ ತಮ್ಮನ ಸಿ.ವಿ.ಯಲ್ಲಿ ಬಿಟ್ಟುಹೋಗಿದೆ. ರೊಕ್ಕ ಕೊಟ್ಟವರ ಲೆಕ್ಕ ಮನೆಯವರಿಗೆಲ್ಲ ಗೊತ್ತು. ಹೊತ್ತು ಕೊಟ್ಟವನನ್ನು ಎಲ್ಲರೂ ‘ಖಾಲಿ ಇದ್ದ’ ಎನ್ನುತ್ತಾರೆ.

ನಮ್ಮ ನಿಮ್ಮ ಮನೆಗಳಲ್ಲೂ ಇಂಥವನೊಬ್ಬ ಇದ್ದಾನೆ, ಅಥವಾ ಇಂಥವಳು. ಬ್ಯಾಂಕಿನ ಕೆಲಸಕ್ಕೆ, ಆಸ್ಪತ್ರೆಯ ಕ್ಯೂಗೆ, ಸ್ಟೇಷನ್ನಿನಿಂದ ನೆಂಟರನ್ನು ಕರೆತರಲಿಕ್ಕೆ ಯಾರ ಹೆಸರು ಮೊದಲು ಬಾಯಿಗೆ ಬರುತ್ತದೆ? ಯೋಚಿಸಿ ನೋಡಿ.

ದಸರೆ ಕಳೆದ ಮೇಲೆ ಒಂದು ಭಾನುವಾರ ಶಿವಾನಂದ ಬಾಗಿಲು ತಟ್ಟಿದ. ಕೈಯಲ್ಲಿ ಸಿ.ವಿ.ಯ ಪ್ರಿಂಟ್.

"ನೀವು ಹಾಳ ಮಾಡಿದ್ದು, ನೀವ ಸುದ್ದ ಮಾಡಿ ಕೊಡ್ರಿ" ಎಂದ. ನಗುತ್ತಿದ್ದ, ಪೂರ್ತಿ ಅಲ್ಲ.

ಕೂತೆವು. ನನಗೆ ಸಿ.ವಿ. ಬರೆದು ಗೊತ್ತಿಲ್ಲ, ಓದಿ ಗೊತ್ತು. ಓದುವವನಿಗೆ ಸಮಯವಿರುವುದಿಲ್ಲ, ಅನುಮಾನವಿರುತ್ತದೆ. ಆದ್ದರಿಂದ ಮೊದಲು ಟವರುಗಳನ್ನೆಲ್ಲ ಸಾಲಾಗಿ ಬರೆದು, ಪ್ರತಿಯೊಂದರ ಮುಂದೆ ‘ಪ್ರಾಜೆಕ್ಟ್ ಮುಗಿದಿದೆ’ ಎಂದು ಹಾಕಿಸಿದೆ. ಬಿಟ್ಟು ಬಂದದ್ದಲ್ಲ, ಮುಗಿಸಿ ಬಂದದ್ದು ಎಂದು ಎದುರಿನವನಿಗೆ ಕಾಣಬೇಕಲ್ಲ? ಸಣ್ಣ ಸಂದುಗಳ ಅರ್ಥ ಅದರಿಂದಲೇ ತಿಳಿಯುತ್ತದೆ.

ದೊಡ್ಡ ಗ್ಯಾಪಿಗೆ ಅವನು ಒಂದು ಪ್ಯಾರಾ ಬರೆದುಕೊಂಡು ಬಂದಿದ್ದ. ‘ಅನಿವಾರ್ಯ ಕೌಟುಂಬಿಕ ಸಂಕಷ್ಟದ ಕಾರಣ ದುರದೃಷ್ಟವಶಾತ್...’ ಕೊನೆಗೆ ‘ದಯವಿಟ್ಟು ಕ್ಷಮಿಸಿ’ ಬೇರೆ. ಅಷ್ಟನ್ನೂ ಹೊಡೆದು ಹಾಕಿದೆ.

"ಕ್ಷಮೆ ಯಾರಲ್ಲಿ ಕೇಳುತ್ತೀ? ಏನು ಮಾಡಿದ್ದಕ್ಕೆ?"

"ಹಂಗಲ್ರಿ, ಸ್ವಲ್ಪ ನಮ್ರತಾ..."

"ನಮ್ರತೆ ಮಾತಾಡುವಾಗ ಇರಲಿ. ಕಾಗದದಲ್ಲಿ ವಿಷಯ ಸಾಕು."

‘ಕುಟುಂಬದ ಸದಸ್ಯರೊಬ್ಬರ ಕ್ಯಾನ್ಸರ್ ಚಿಕಿತ್ಸೆಯಲ್ಲಿ ಪೂರ್ಣಾವಧಿ ಜೊತೆಗಿದ್ದೆ. ಚಿಕಿತ್ಸೆ ಪೂರ್ಣಗೊಂಡಿದೆ.’ ಎರಡೇ ವಾಕ್ಯ. ಎರಡನೆಯದು ಮುಖ್ಯ, ಈಗ ಬರಲು ಸಿದ್ಧನಿದ್ದೇನೆ ಎಂದು ಹೇಳುವುದು ಅದು. ಆಮೇಲೆ ಮಾತಿನ ನಡುವೆ ಗೊತ್ತಾಯಿತು, ಆ ವರ್ಷದಲ್ಲೇ ಅವನು ತನ್ನ ಫಸ್ಟ್ ಏಡ್ ಸರ್ಟಿಫಿಕೇಟನ್ನು ನವೀಕರಿಸಿಕೊಂಡಿದ್ದ. ವೈನಿ ವಾರ್ಡಿನಲ್ಲಿದ್ದಾಗ ಹೋಗಿ ಪರೀಕ್ಷೆ ಕೊಟ್ಟು ಬಂದಿದ್ದ. ಅದನ್ನು ಎಲ್ಲೂ ಬರೆದಿರಲಿಲ್ಲ. ಯಾಕೆ ಎಂದರೆ, ಆ ವರ್ಷ ತಾನು ಏನೂ ಮಾಡಿಲ್ಲ ಎಂದೇ ಅವನೂ ನಂಬಿಬಿಟ್ಟಿದ್ದ.

ಅದೇ ಅಂಧೇರಿಯ ಏಜೆಂಟ್ ಅದನ್ನು ನೋಡಿ ಮೂಗು ಮುರಿದ. ಬೇರೊಬ್ಬ ಏಜೆಂಟ್ ಕಳಿಸಿದ. ಎರಡು ಕಡೆಯಿಂದ ಉತ್ತರವಿಲ್ಲ. ಸತ್ಯ ಬರೆದ ಕೂಡಲೇ ಬಾಗಿಲು ತೆರೆಯುತ್ತದೆ ಎಂದು ನಾನು ಇಲ್ಲಿ ಬರೆದರೆ ಅದೂ ಒಂದು ಫೇಕ್ ಲೆಟರೇ. ಮೂರನೆಯ ಕಡೆ ಕರೆದರು. ಜೋಗೇಶ್ವರಿಯಲ್ಲಿ ಏಳುತ್ತಿರುವ ಒಂದು ಟವರ್.

ಇಂಟರ್‌ವ್ಯೂ ಹಿಂದಿಯಲ್ಲಿ ನಡೆಯಿತಂತೆ. ಪ್ರಾಜೆಕ್ಟ್ ಮ್ಯಾನೇಜರ್ ಆ ಎರಡು ವಾಕ್ಯದ ಮೇಲೆ ಪೆನ್ನು ಇಟ್ಟು ಕೇಳಿದರು, "ಯಾರು ಇದು?"

"ವೈನಿ ಸರ್. ಅಣ್ಣನ ಹೆಂಡತಿ."

"ಮತ್ತೆ ಕಾಯಿಲೆ ಬಂದರೆ ಮತ್ತೆ ಹೋಗುತ್ತೀಯಾ?"

ಇದು ಕಷ್ಟದ ಪ್ರಶ್ನೆ. ಇಲ್ಲ ಎಂದರೆ ಸುಳ್ಳು. ಹೌದು ಎಂದರೆ ನೌಕರಿ? ಅವನು ಹೇಳಿದ್ದನ್ನು ನನಗೆ ತನ್ನ ಮಾತಿನಲ್ಲಿ ಹೇಳಿದ.

"ಹೋಗೂ ಪಾಳಿ ಬಂದ್ರ ಹೋಗ್ತೀನಿ ಸರ್, ಅಂದ್ನಿರಿ. ಆದ್ರ ಮೊದ್ಲ ಹೇಳಿ, ಇನ್ನೊಬ್ಬಗ ಚಾರ್ಜ್ ಕೊಟ್ಟು ಹೋಗ್ತೀನಿ. ಸೇಫ್ಟಿ ಮನಷ್ಯಾ ಸೈಟ್ ಬರೇ ಬಿಟ್ಟು ಹೋಗಬಾರದು, ಅಂದ್ನಿ."

ಮ್ಯಾನೇಜರ್ ಸಿ.ವಿ.ಯನ್ನು ಫೈಲಿಗೆ ಸೇರಿಸಿದರಂತೆ. ಹೊಗಳಲಿಲ್ಲ, ಬೆನ್ನು ತಟ್ಟಲಿಲ್ಲ. "ಒಂದನೇ ತಾರೀಖಿನಿಂದ ಬಾ" ಎಂದರಂತೆ.

ಈಗ ಅವನು ಬೆಳಿಗ್ಗೆ ನಾನು ವಾಕಿಂಗ್ ಮುಗಿಸಿ ಬರುವ ಹೊತ್ತಿಗೆ ಹೆಲ್ಮೆಟ್ಟಿನ ಚೀಲ ಹೆಗಲಿಗೆ ಹಾಕಿ ಸ್ಟೇಷನ್ನಿಗೆ ಹೊರಡುತ್ತಾನೆ. ಕಾಂಟ್ರ್ಯಾಕ್ಟೇ. ಟವರ್ ಎದ್ದು ನಿಲ್ಲುವ ತನಕ. ಆದರೂ ಕೆಲಸ ಕೆಲಸವೇ.

ಅಣ್ಣನ ಮಗಳನ್ನು ನೋಡಲು ಬಂದವರಿಗೆ ವೈನಿ ತಾವೇ ಎಲ್ಲ ಹೇಳಿದರಂತೆ. ಒಬ್ಬರು ಹಿಂದೆ ಸರಿದರು. ಇನ್ನೊಬ್ಬರು ಯೋಚಿಸಿ ತಿಳಿಸುತ್ತೇವೆ ಎಂದಿದ್ದಾರೆ, ಇನ್ನೂ ತಿಳಿಸಿಲ್ಲ. ಅಣ್ಣ ಬಹಳ ದಿನ ತಮ್ಮನಿಗೆ ಫೋನ್ ಮಾಡಿರಲಿಲ್ಲ.

ಮಾಡಿದ್ದು ಕಳೆದ ವಾರ. ಅದನ್ನು ಹೇಳಲು ಸುವರ್ಣಾ ನಮ್ಮ ಮನೆಗೆ ಬಂದಳು. ಎಷ್ಟೋ ತಿಂಗಳ ಮೇಲೆ ನಮ್ಮ ಹೊಸ್ತಿಲು ದಾಟಿದ್ದಳು. ಕೂತುಕೋ ಎಂದೆ, ಕೂರಲಿಲ್ಲ.

"ನಮ್ಮ ಭಾವಾರ ಫೋನ್ ಬಂದಿತ್ರಿ ಅಕ್ಕಾರ. ನಮ್ಮ ನೆಗೆಣ್ಣಿದು ಚೆಕಪ್ಪಿನ ಡೇಟ್ ಬಂದೈತಿ. ಪರೇಲಿಗೆ ಬರಬೇಕು."

ನೆಗೆಣ್ಣಿ ಎಂದರೆ ಅವಳಿಗೆ ಓರಗಿತ್ತಿ, ಶಿವಾನಂದನ ವೈನಿ.

"ರಜೆ ಸಿಗುತ್ತದಾ ಎಂದು ಕೇಳಿದರಾ?"

"ರಜಾ ಯಾಕ ಕೇಳ್ತಾರ್ರಿ? ‘ಶಿವೂ, ನಿನ್ನ ಈ ಕಾಂಟ್ರ್ಯಾಕ್ಟ್ ಯಾವಾಗ ಮುಗೀತೈತಿ?’ ಅಂತ ಕೇಳಿದ್ರು."

ಟವರು ಇನ್ನೂ ಅರ್ಧ ಎತ್ತರಕ್ಕೂ ಬಂದಿಲ್ಲ.

"ಅವನು ಏನೆಂದ?"

"ಗ್ವಾಡಿ ಮ್ಯಾಲಿನ ಕ್ಯಾಲೆಂಡರ್ ನೋಡಿದ್ರು. ನನಗ ಹೆದ್ರಿಕಿ ಆತು, ಮತ್ತ ಹೂಂ ಅಂತಾರ ಅಂತ." ಸುವರ್ಣಾ ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡಳು. "ಆಮ್ಯಾಲ ಮೆತ್ತಗ ಕೇಳಿದ್ರು: ‘ಅಣ್ಣಾ, ನಿನ್ನ ರಜಾ ಎಷ್ಟ ಉಳದಾವ?’"